ಒಂದು, ಎರಡು, ಮೂರು ಅಂದರೆ ಬೆವರು ಬರುವುದಿಲ್ಲವೇ?

ಬೆಳಿಗ್ಗೆ ಹನ್ನೊಂದೂವರೆಗೆ ಫೋನ್ ಬಂತು. "ಅಣ್ಣಾ, ಮುಗೀತ್ರಿ" ಅಂದಳು. ಚಲೋ ಮುಗೀತೋ, ಕೆಟ್ಟು ಮುಗೀತೋ ಎಂದು ಕೇಳುವ ಧೈರ್ಯ ನಮಗೆ ಬರಲಿಲ್ಲ. ಆ ಕಡೆಯಿಂದ ಬರೀ ಬಸ್ಸಿನ ಹಾರ್ನ್ ಕೇಳುತ್ತಿತ್ತು. ಆಮೇಲೆ ಅವಳೇ ಹೇಳಿದಳು: "ಸ್ಟೆಪ್ ಎಲ್ಲಾ ಬರೋಬ್ಬರಿ ಆದ್ವು. ನಡುವ ಹಾಡು ಬಂದ್ ಮಾಡಿದ್ರು. ಇದನ್ನ ಇಂಗ್ಲಿಷ್‌ನ್ಯಾಗ ಎಕ್ಸ್‌ಪ್ಲೇನ್ ಮಾಡ್ರಿ ಅಂದ್ರು. ಬಾಯೇ ಬರಲಿಲ್ಲ ನೋಡ್ರಿ."

ಹಾವೇರಿ ಜಿಲ್ಲೆಯ ಹುಡುಗಿ. ಹೈಸ್ಕೂಲಿನಿಂದ ಕಬಡ್ಡಿ ಆಡಿದವಳು, ಬಿ.ಎ. ಮುಗಿಸಿದವಳು. ಶಕ್ತಿ ಯೋಜನೆ ಇರುವುದರಿಂದ ಆಧಾರ್ ಕಾರ್ಡ್ ತೋರಿಸಿ ರಾತ್ರಿ ಬಸ್ಸು ಹತ್ತಿ, ಮುನ್ನೂರು ಕಿಲೋಮೀಟರ್ ಕೂತೇ ನಿದ್ದೆ ಮಾಡಿ, ಮೆಜೆಸ್ಟಿಕ್‌ನಲ್ಲಿ ಮುಖ ತೊಳೆದುಕೊಂಡು ಒಂದು ಜಿಮ್‌ನ ಆಡಿಷನ್‌ಗೆ ಹೋಗಿದ್ದಳು. ಕೆಲಸ ಗ್ರೂಪ್ ಫಿಟ್‌ನೆಸ್ ಕ್ಲಾಸ್ ನಡೆಸುವುದು. ಇಪ್ಪತ್ತು ಮೂವತ್ತು ಜನರನ್ನು ಎದುರಿಗೆ ನಿಲ್ಲಿಸಿಕೊಂಡು, ಹಾಡು ಹಾಕಿ, ಮುಕ್ಕಾಲು ತಾಸು ಅವರನ್ನು ಕುಣಿಸಿ, ಬಗ್ಗಿಸಿ, ಬೆವರಿಳಿಸುವ ಕೆಲಸ. ಜಿಮ್ ಯಾವುದು ಎಂದು ಬರೆಯುವುದಿಲ್ಲ. ಬರೆದರೆ ಅದೊಂದರದ್ದೇ ತಪ್ಪು ಎಂದಾಗುತ್ತದೆ. ನಮಗೆ ಗೊತ್ತಿರುವ ಇನ್ನಿಬ್ಬರು ಹುಡುಗರು ಬೇರೆ ಬೇರೆ ಕಡೆ ಹೋಗಿ ಇದೇ ಮಾತು ಕೇಳಿಸಿಕೊಂಡು ಬಂದಿದ್ದಾರೆ: "ಬಾಡಿ ಚೆನ್ನಾಗಿದೆ, ಎನರ್ಜಿ ಚೆನ್ನಾಗಿದೆ, ಕಮ್ಯುನಿಕೇಷನ್ ಇಂಪ್ರೂವ್ ಮಾಡ್ಕೊಳ್ಳಿ."

ಕಮ್ಯುನಿಕೇಷನ್ ಅಂದರೆ ಇಲ್ಲಿ ಇಂಗ್ಲಿಷ್. ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ.

ನಾವು ಮಾಡಿದ ತಯಾರಿ

ಈ ಹುಡುಗಿಗೆ ತಯಾರಿ ಮಾಡಿಸಿದವರು ನಾವೇ. ನಾವು ಅಂದರೆ ಜಿಲ್ಲೆಯಲ್ಲಿ ಸುದ್ದಿ ಕಳಿಸಿ, ಇಷ್ಟು ಸುದ್ದಿಗೆ ಇಷ್ಟು ಎಂದು ದುಡ್ಡು ಎಣಿಸುವ ಮೂರು ಜನ. ನಮಗೇನೂ ಜಿಮ್ ಗೊತ್ತಿರಲಿಲ್ಲ. ಆದರೆ ವಿಷಯ ಗೊತ್ತಿಲ್ಲದಿದ್ದರೆ ಕೇಳಿ ತಿಳಿದುಕೊಳ್ಳುವುದು ನಮ್ಮ ಕಸುಬು. ದಾವಣಗೆರೆ, ಹುಬ್ಬಳ್ಳಿಯ ಕೆಲವು ಟ್ರೈನರ್‌ಗಳಿಗೆ ಫೋನ್ ಹಚ್ಚಿದೆವು. ಕೇಳಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆವು.

ಆಡಿಷನ್ ಹೇಗಿರುತ್ತದೆ ಎಂದರೆ, ಸಾಮಾನ್ಯವಾಗಿ ಮೊದಲು ಅವರದೇ ಒಂದು ಕ್ಲಾಸಿನಲ್ಲಿ ನಿಂತು ಎಲ್ಲರ ಜೊತೆ ಮಾಡಬೇಕು. ಆಮೇಲೆ ಮೂರರಿಂದ ಐದು ನಿಮಿಷ ನೀನೇ ಮುಂದೆ ನಿಂತು ಕಲಿಸಬೇಕು. ಕೊನೆಗೆ ಮಾತುಕತೆ. ಮೂರು ನಿಮಿಷ ಎಂದರೆ ಏನೂ ಅಲ್ಲ ಎಂದುಕೊಂಡಿದ್ದೆವು. ಲೆಕ್ಕ ಹಾಕಿದ ಮೇಲೆ ಗೊತ್ತಾಯಿತು.

ಇಂಥ ಕ್ಲಾಸಿನ ಹಾಡು ಎಂಟರ ಎಣಿಕೆಯಲ್ಲಿ ನಡೆಯುತ್ತದೆ. ನಾಲ್ಕು ಎಂಟು ಸೇರಿದರೆ 32, ಅದು ಒಂದು ಕಟ್ಟು. ನಿಮಿಷಕ್ಕೆ 128 ಬಡಿತದ ಹಾಡು ಹಾಕಿದರೆ ಒಂದು ಕಟ್ಟು ಮುಗಿಯಲು ಬರೋಬ್ಬರಿ 15 ಸೆಕೆಂಡ್. ಮೂರು ನಿಮಿಷಕ್ಕೆ 12 ಕಟ್ಟು. ಮೊದಲ ಕಟ್ಟಿನಲ್ಲೇ ಕಾಲು ತಪ್ಪಿದರೆ ಉಳಿದ ಹನ್ನೊಂದರಲ್ಲಿ ಅದು ಎದ್ದು ಕಾಣುತ್ತದೆ.

ಎರಡನೆಯದು, ಮುಂದಿನ ಹೆಜ್ಜೆ ಏನೆಂದು ನಾಲ್ಕು ಬಡಿತ ಮೊದಲೇ ಹೇಳಬೇಕು. 128ರ ಹಾಡಿನಲ್ಲಿ ನಾಲ್ಕು ಬಡಿತ ಎಂದರೆ ಎರಡು ಸೆಕೆಂಡಿಗಿಂತ ಕಡಿಮೆ. ಅಷ್ಟರಲ್ಲಿ ಯಾವ ಕಾಲು, ಯಾವ ದಿಕ್ಕು, ಎಷ್ಟು ಸಲ ಎನ್ನುವ ಮೂರೂ ಜನರ ಕಿವಿಗೆ ಬೀಳಬೇಕು. ತಡವಾದರೆ ಹಿಂದಿನ ಸಾಲಿನವರು ಮುಂದಿನವರ ಮೇಲೆ ಬೀಳುತ್ತಾರೆ.

ಮೂರನೆಯದು ಕನ್ನಡಿ ಲೆಕ್ಕ. ಜನರಿಗೆ ಎದುರಾಗಿ ನಿಂತಾಗ ಅವರ ಬಲಗಾಲು ಎತ್ತಿಸಬೇಕೆಂದರೆ ನೀನು ಎಡಗಾಲು ಎತ್ತಬೇಕು, ಬಾಯಲ್ಲಿ ಮಾತ್ರ "ಬಲಗಾಲು" ಅನ್ನಬೇಕು. ಬಾಯಿಗೂ ಕಾಲಿಗೂ ಜಗಳ. ಇದೊಂದು ಕೂಡಿಬರಲು ಅವಳಿಗೆ ಹತ್ತು ದಿನ ಹಿಡಿಯಿತು.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು: ಯಾರಿಗೂ ಪೆಟ್ಟಾಗಬಾರದು. ಮೊಣಕಾಲು ನೋವಿದ್ದವರಿಗೆ ಜಿಗಿತದ ಬದಲು ನಿಂತಲ್ಲೇ ಹೆಜ್ಜೆ. ಬಿ.ಪಿ. ಇದ್ದವರು ಉಸಿರು ಕಟ್ಟಬಾರದು. ಮಾತಾಡಲು ಬರುತ್ತದೆ, ಹಾಡಲು ಬರುವುದಿಲ್ಲ ಅನ್ನುವಷ್ಟು ಏದುಸಿರು ಇದ್ದರೆ ಅದು ಮಧ್ಯಮ ಮಟ್ಟದ ವ್ಯಾಯಾಮ. ಒಂದು ಮಾತು ಪೂರ್ತಿ ಮಾಡಲೂ ಆಗದಿದ್ದರೆ ವೇಗ ಇಳಿಸಬೇಕು. ಎದೆ ನೋವು, ತಲೆ ಸುತ್ತು ಅಂದರೆ ಹಾಡು ನಿಲ್ಲಿಸಿ 108ಕ್ಕೆ ಫೋನ್.

ಇದನ್ನೆಲ್ಲ ಇಪ್ಪತ್ತೈದು ದಿನ ಊರಿನ ಸಮುದಾಯ ಭವನದಲ್ಲಿ ಮಾಡಿಸಿದೆವು. ಸ್ಪೀಕರ್ ಶಾಮಿಯಾನದವರದು. ಕ್ಲಾಸಿಗೆ ಜನ ಬೇಕಲ್ಲ, ಸ್ತ್ರೀಶಕ್ತಿ ಸಂಘದ ಹದಿನಾಲ್ಕು ಹೆಣ್ಣುಮಕ್ಕಳು ಬಂದರು. ಮೊದಲ ದಿನ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಐದನೇ ದಿನಕ್ಕೆ ಸೀರೆ ಕಚ್ಚೆ ಹಾಕಿಕೊಂಡು ಬಂದರು. "ಬಲಗಾಲು ಮುಂದ, ಎಡಗಾಲು ಜೋಡಿಸ್ರಿ, ಮತ್ತ ಹಿಂದಕ್ಕ, ಒಂದ್ ಎರಡ್ ಮೂರ್ ನಾಕ್" ಅಂದರೆ ಹದಿನಾಲ್ಕು ಜನ ಒಂದೇ ಸಲ ಹೆಜ್ಜೆ ಹಾಕುತ್ತಿದ್ದರು. ಅರವತ್ತರ ಹತ್ತಿರದ ಒಬ್ಬ ಅಜ್ಜಿ ಮೂಲೆಯಲ್ಲಿ ಕುರ್ಚಿ ಹಿಡಿದುಕೊಂಡೇ ಮಾಡಿದರು. ಅವರಿಗೆ ಯಾವ ಹೆಜ್ಜೆ ಬೇಡ ಎಂದು ನಮ್ಮ ಹುಡುಗಿಯೇ ಗುರುತಿಸಿ ಬದಲು ಹೇಳಿಕೊಟ್ಟಳು.

ಟೀಚರ್ ಎಂದರೆ ಇದೇ ಅಲ್ಲವೇ?

ತಪ್ಪು ನಮ್ಮದೂ ಇದೆ

ಬೈಯುವ ಮೊದಲು ನಮ್ಮನ್ನೇ ಬೈದುಕೊಳ್ಳಬೇಕು. ಕೊನೆಯ ಐದು ದಿನ ನಮಗೇ ಹೆದರಿಕೆ ಹತ್ತಿತು. ಬೆಂಗಳೂರಿನಲ್ಲಿ ಕನ್ನಡ ನಡೆಯುತ್ತದೋ ಇಲ್ಲವೋ ಎಂದು ಅವಳಿಗೆ ಇಂಗ್ಲಿಷ್‌ನಲ್ಲಿ ಒಂದು ಭಾಷಣ ಬರೆದುಕೊಟ್ಟೆವು. ಹೆಸರು, ಊರು, ಫಿಟ್‌ನೆಸ್ ಅಂದರೆ ಯಾಕೆ ಇಷ್ಟ, ಎಲ್ಲ ಸೇರಿ ಹನ್ನೆರಡು ಸಾಲು. ಬಾಯಿಪಾಠ ಮಾಡಿಸಿದೆವು. ಅಲ್ಲಿ ಹಾಡು ನಿಲ್ಲಿಸಿ "ಎಕ್ಸ್‌ಪ್ಲೇನ್" ಎಂದಾಗ ಅವಳ ತಲೆಯಲ್ಲಿದ್ದದ್ದು ಲಂಜ್ ಹೇಗೆ ಮಾಡಬೇಕು ಎನ್ನುವುದಲ್ಲ, ನಾವು ಬರೆದುಕೊಟ್ಟ ಆ ಹನ್ನೆರಡು ಸಾಲು. ಅವರು ಕೇಳಿದ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ.

ಹದಿನಾಲ್ಕು ಜನರ ಮುಂದೆ ಗಟ್ಟಿಯಾಗಿ ಬರುತ್ತಿದ್ದ ದನಿಯನ್ನು ಐದು ದಿನದಲ್ಲಿ ಅಡಗಿಸಿದವರು ನಾವು. ಇದನ್ನು ಒಪ್ಪಿಕೊಂಡೇ ಮುಂದಿನದು ಹೇಳುತ್ತೇವೆ.

ಗಿರಾಕಿಗೆ ಅರ್ಥವಾಗಬೇಕಲ್ಲ ಅನ್ನುವವರಿಗೆ

ಜಿಮ್‌ನವರ ವಾದ ನಮಗೆ ಗೊತ್ತಿದೆ. ಬೆಂಗಳೂರಿಗೆ ಹತ್ತು ರಾಜ್ಯದ ಜನ ಬಂದಿದ್ದಾರೆ, ಕ್ಲಾಸಿಗೆ ದುಡ್ಡು ಕೊಡುವವರಿಗೆ ಹೇಳಿದ್ದು ತಿಳಿಯಬೇಕು, ಎಲ್ಲರಿಗೂ ಹೊಂದುವುದು ಇಂಗ್ಲಿಷ್. ಈ ಮಾತಿನಲ್ಲಿ ಹುರುಳಿಲ್ಲ ಎಂದು ನಾವು ಹೇಳುವುದಿಲ್ಲ.

ಆದರೆ ಕ್ಲಾಸಿನಲ್ಲಿ ನಿಜವಾಗಿ ಎಷ್ಟು ಇಂಗ್ಲಿಷ್ ಬೇಕು? ನಾವು ಪಟ್ಟಿ ಮಾಡಿದೆವು. ಸ್ಕ್ವಾಟ್, ಲಂಜ್, ನೀ, ಕೋರ್, ಲೆಫ್ಟ್, ರೈಟ್, ಬ್ಯಾಕ್, ಹೋಲ್ಡ್, ಬ್ರೀದ್... ಎಷ್ಟು ಎಳೆದರೂ ನಲವತ್ತು ಪದ ದಾಟಲಿಲ್ಲ. ಅದರಲ್ಲಿ ಅರ್ಧ ಈಗಾಗಲೇ ಕನ್ನಡದಲ್ಲೇ ಓಡಾಡುತ್ತಿವೆ. ನಲವತ್ತು ಪದವನ್ನು ಯಾರಾದರೂ ಒಂದು ವಾರದಲ್ಲಿ ಕಲಿಯುತ್ತಾರೆ. ಎದುರಿಗಿದ್ದವರ ಮೊಣಕಾಲು ಒಳಗೆ ವಾಲುತ್ತಿದೆ ಎಂದು ಓಡುವ ಹಾಡಿನ ನಡುವೆ ಗುರುತಿಸುವುದನ್ನು ವಾರದಲ್ಲಿ ಕಲಿಯಲಾಗದು. ನೀವು ಪರೀಕ್ಷೆ ಮಾಡಬೇಕಾದದ್ದು ಯಾವುದನ್ನು?

ನಮ್ಮ ಹುಡುಗಿಗೆ ಕೇಳಿದ ಪ್ರಶ್ನೆಗಳನ್ನು ಬರೆಸಿಕೊಂಡಿದ್ದೇವೆ. ಇಂಗ್ಲಿಷ್‌ನಲ್ಲಿ ನಿನ್ನ ಬಗ್ಗೆ ಹೇಳು. ಇನ್‌ಸ್ಟಾಗ್ರಾಮ್‌ನಲ್ಲಿ ಎಷ್ಟು ಫಾಲೋವರ್ಸ್? ಎಲ್ಲಿ ಉಳಿದುಕೊಳ್ಳುತ್ತೀಯ? ಕ್ಲಾಸಿನಲ್ಲಿ ಯಾರಾದರೂ ಕುಸಿದುಬಿದ್ದರೆ ಏನು ಮಾಡುತ್ತೀಯ ಎಂದು ಒಬ್ಬರೂ ಕೇಳಲಿಲ್ಲ. ಆ ಉತ್ತರವನ್ನು ಅವಳು ಚೆನ್ನಾಗಿ ಕಲಿತುಕೊಂಡು ಹೋಗಿದ್ದಳು.

ಈ ಕ್ಲಾಸುಗಳ ಚರಿತ್ರೆಯನ್ನೇ ನೋಡಿ. ಏರೋಬಿಕ್ಸ್ ಎಂಬ ಮಾತನ್ನು ಮನೆಮಾತು ಮಾಡಿದ್ದು ಅಮೆರಿಕದ ವಾಯುಪಡೆಯಲ್ಲಿ ವೈದ್ಯರಾಗಿದ್ದ ಕೆನೆತ್ ಕೂಪರ್, 1968ರ ಪುಸ್ತಕದಿಂದ. 1982ರಲ್ಲಿ ನಟಿ ಜೇನ್ ಫಾಂಡಾ ವಿಡಿಯೊ ಕ್ಯಾಸೆಟ್ ಮಾಡಿ ಅದನ್ನು ಮನೆಮನೆಗೆ ಒಯ್ದರು. ಅಲ್ಲಿಯವರೆಗೆ ಇಂಗ್ಲಿಷ್ ಸರಿ. ಆಮೇಲೆ ಬಂದ ಜುಂಬಾ ಯಾರದು? ಕೊಲಂಬಿಯಾ ದೇಶದ ಕಾಲಿ ಎಂಬ ಊರಿನ ಬೆಟೊ ಪೆರೆಜ್ ಅವರದು. ಒಂದು ದಿನ ಏರೋಬಿಕ್ಸ್ ಹಾಡಿನ ಕ್ಯಾಸೆಟ್ ಮರೆತು ಬಂದ ಅವರು, ತಮ್ಮ ಹತ್ತಿರವಿದ್ದ ಸಾಲ್ಸಾ, ಮೆರೆಂಗೆ ಹಾಡು ಹಾಕಿ ಕ್ಲಾಸು ನಡೆಸಿದರು ಎಂಬುದು ಅವರೇ ಹೇಳುವ ಕಥೆ. ಅವರ ಭಾಷೆ ಸ್ಪ್ಯಾನಿಷ್. ಜುಂಬಾ ಕ್ಲಾಸಿನ ಪದ್ಧತಿಯಲ್ಲಿ ಬಾಯಿಮಾತೇ ಕಡಿಮೆ, ಕೈಸನ್ನೆಯಿಂದಲೇ ದಿಕ್ಕು, ಎಣಿಕೆ ಎಲ್ಲ ತೋರಿಸುತ್ತಾರೆ. ಬಾಯಿಯೇ ಬೇಡವಾದ ಕ್ಲಾಸಿಗೆ ಇಂಗ್ಲಿಷ್ ಬಾಯಿ ಬೇಕು ಅನ್ನುವುದು ಯಾವ ನ್ಯಾಯ ಸ್ವಾಮಿ?

ಜಪಾನಿನಲ್ಲಿ 1928ರಿಂದ ರೇಡಿಯೊದಲ್ಲಿ ಕಸರತ್ತು ಬರುತ್ತದೆ. ಪಿಯಾನೊ ನುಡಿಸುತ್ತಾರೆ, ಜಪಾನಿ ಭಾಷೆಯಲ್ಲಿ ಹೇಳುತ್ತಾರೆ, ಮಕ್ಕಳು ಮುದುಕರು ಬೀದಿಯಲ್ಲಿ, ಶಾಲೆಯಲ್ಲಿ ನಿಂತು ಮಾಡುತ್ತಾರೆ. ಯಾರ ಬೆವರೂ ಕಡಿಮೆಯಾಗಿಲ್ಲ.

ಕನ್ನಡದ ಅಂಕಿ ಬೀಟ್‌ಗೆ ಕೂಡುವುದಿಲ್ಲ ಎಂದು ಒಬ್ಬ ಟ್ರೈನರ್ ನಮಗೆ ಫೋನಿನಲ್ಲಿ ಹೇಳಿದರು. ಒಂದು, ಎರಡು, ಮೂರು ಎಂದು ಪುಸ್ತಕದಲ್ಲಿದ್ದ ಹಾಗೆ ಹೇಳಿದರೆ ಉದ್ದವಾಗುತ್ತದಂತೆ. ಪುಸ್ತಕದ ಹಾಗೆ ಯಾರು ಹೇಳುತ್ತಾರೆ? ಒಂದ್, ಎರಡ್, ಮೂರ್, ನಾಕ್, ಐದ್, ಆರ್, ಏಳ್, ಎಂಟ್. ಎಂಟು ಬಡಿತ, ಎಂಟು ಮಾತು. ನಂಬಿಕೆ ಇಲ್ಲದವರು ನಮ್ಮ ಕಡೆ ಡೊಳ್ಳು ಕುಣಿತ ನೋಡಲು ಬನ್ನಿ. ಸೊಂಟಕ್ಕೆ ಡೊಳ್ಳು ಕಟ್ಟಿಕೊಂಡು, ಅದನ್ನು ಬಾರಿಸುತ್ತ, ಕೂತು ಎದ್ದು ತಿರುಗುತ್ತ ಹತ್ತಾರು ಜನ ಒಂದೇ ಲೆಕ್ಕದಲ್ಲಿ ಇರುತ್ತಾರೆ. ಅದಕ್ಕಿಂತ ದೊಡ್ಡ ಗ್ರೂಪ್ ಫಿಟ್‌ನೆಸ್ ಯಾವುದಿದೆ?

ಇನ್ನೊಂದು ಮಾತು ನಮ್ಮ ಶಾಲೆಗಳ ಬಗ್ಗೆಯೂ ಹೇಳಬೇಕು. ನಾವು ಕಲಿತ ಸರ್ಕಾರಿ ಕನ್ನಡ ಶಾಲೆಯ ಪಿ.ಟಿ. ಮೈದಾನದಲ್ಲಿ "ಸಾವಧಾನ್, ವಿಶ್ರಾಮ್" ಎಂದು ಹಿಂದಿಯಲ್ಲೇ ಕೂಗುತ್ತಿದ್ದರು. ಮೈ ಬಗ್ಗಿಸುವುದಕ್ಕೆ ಬೇರೆ ಭಾಷೆಯೇ ಬೇಕು ಎಂಬ ಪಾಠ ಅಲ್ಲೇ ಶುರುವಾಗಿತ್ತು. ಬೆಂಗಳೂರಿನ ಜಿಮ್ ಒಂದನ್ನೇ ದೂರಿ ಪ್ರಯೋಜನವಿಲ್ಲ.

ಬಿಟ್ಟಿ ಕ್ಲಾಸಿಗೆ ಆಡಿಷನ್ ಎಂದು ಹೆಸರು

ಭಾಷೆಯ ಜೊತೆಗೇ ಇನ್ನೊಂದಿದೆ, ದುಡ್ಡು. ಮೇಲೆ ಹೇಳಿದ ಇಬ್ಬರು ಹುಡುಗರಲ್ಲಿ ಒಬ್ಬನಿಗೆ ಆಡಿಷನ್ ಎಂದು ಕರೆದು, ದುಡ್ಡು ಕೊಟ್ಟು ಬಂದ ಗಿರಾಕಿಗಳ ಪೂರ್ತಿ ಕ್ಲಾಸನ್ನೇ ಅವನಿಂದ ಮಾಡಿಸಿದರು. ಒಂದಲ್ಲ, ಮೂರು ದಿನ. ಕೊನೆಗೆ "ತಿಳಿಸ್ತೀವಿ" ಅಂದರು. ತಿಳಿಸಲಿಲ್ಲ. ಗಿರಾಕಿಗಳಿಂದ ದುಡ್ಡು ತೆಗೆದುಕೊಂಡ ಕ್ಲಾಸಿಗೆ ಕಲಿಸಿದವನಿಗೂ ಕೂಲಿ ಕೊಡಬೇಕು. ಹೊಲದಲ್ಲಿ ಹೊಸ ಆಳಿಗೆ "ಮೂರು ದಿನ ಕಳೆ ತೆಗಿ, ಆಮೇಲೆ ನೋಡೋಣ" ಅಂದರೆ ಯಾರಾದರೂ ಬರುತ್ತಾರೆಯೇ?

ಇನ್ನೊಬ್ಬನಿಗೆ ಮೊದಲು ತಮ್ಮದೇ ಸರ್ಟಿಫಿಕೇಟ್ ಕೋರ್ಸಿಗೆ ದುಡ್ಡು ಕಟ್ಟು, ಆಮೇಲೆ ಆಡಿಷನ್ ಎಂದರು. ತರಬೇತಿ ಬೇಕು, ಅದರಲ್ಲಿ ಎರಡು ಮಾತಿಲ್ಲ. ಪ್ರಥಮ ಚಿಕಿತ್ಸೆ ಗೊತ್ತಿಲ್ಲದವರು ಮೂವತ್ತು ಜನರ ಮುಂದೆ ನಿಲ್ಲಬಾರದು. ಆದರೆ ಕೆಲಸದ ಆಸೆ ತೋರಿಸಿ ಫೀಜು ಕಟ್ಟಿಸಿಕೊಂಡು, ಆಮೇಲೆ ಇಂಗ್ಲಿಷ್ ಇಲ್ಲ ಎಂದು ಕಳಿಸುವುದು ಮೋಸ. ಇಂಗ್ಲಿಷ್ ಬೇಕಿದ್ದರೆ ಜಾಹೀರಾತಿನಲ್ಲೇ ಬರೆಯಿರಿ. ಮುನ್ನೂರು ಕಿಲೋಮೀಟರ್ ನಿದ್ದೆಗೆಟ್ಟು ಬಂದ ಮೇಲೆ ಹೇಳಬೇಡಿ.

ಹೋಗುವ ಹುಡುಗ ಹುಡುಗಿಯರಿಗೆ ನಮ್ಮ ಮಾತು ಇಷ್ಟೇ. ಫೋನಿನಲ್ಲೇ ನಾಲ್ಕು ಪ್ರಶ್ನೆ ಕೇಳಿ, ಉತ್ತರ ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಆಡಿಷನ್ ಎಷ್ಟು ನಿಮಿಷ, ಯಾವ ನಮೂನೆಯ ಕ್ಲಾಸು? ಕಲಿಸುವುದು ಯಾವ ಭಾಷೆಯಲ್ಲಿ? ಆಯ್ಕೆಯಾದರೆ ಕ್ಲಾಸಿಗೆ ಎಷ್ಟು ಕೊಡುತ್ತೀರಿ, ತಿಂಗಳಿಗೆ ಎಷ್ಟು ಕ್ಲಾಸು? ಮೊದಲೇ ಏನಾದರೂ ದುಡ್ಡು ಕಟ್ಟಬೇಕೇ? ಇದನ್ನು ಕೇಳಿದರೆ ಸಿಟ್ಟಾಗುವವರ ಹತ್ತಿರ ಹೋಗಲೇಬೇಡಿ.

ನಲವತ್ತು ಇಂಗ್ಲಿಷ್ ಪದಗಳನ್ನೂ ಕಲಿಯಿರಿ. ನಾಚಿಕೆಯಿಂದಲ್ಲ, ಕಸುಬಿನ ಸಾಮಾನು ಎಂದು ಕಲಿಯಿರಿ. ಗೌಂಡಿ ಕರಣೆ ಹಿಡಿಯುವ ಹಾಗೆ ಹಿಡಿಯಿರಿ. ಭಾಷಣ ಮಾತ್ರ ಬಾಯಿಪಾಠ ಮಾಡಬೇಡಿ, ನಮ್ಮ ಹುಡುಗಿಗೆ ಆದದ್ದು ಸಾಕು.

ಹೊಲದಾಗ ದುಡಿಯೋರಿಗೆ ಯಾತರ ಜಿಮ್?

ಇದು ಬೆಂಗಳೂರಿನ ಕಥೆ, ನಮಗೇನು ಸಂಬಂಧ ಎಂದು ಕೆಲವರಿಗೆ ಅನಿಸಬಹುದು. ಸಮುದಾಯ ಭವನದ ಮೆಟ್ಟಿಲ ಮೇಲೆ ಕೂತ ಹಿರಿಯರೊಬ್ಬರು ನಮಗೆ ಇದನ್ನೇ ಕೇಳಿದ್ದರು: "ಹೊಲದಾಗ ದುಡಿಯೋರಿಗೆ ಯಾತರ ಜಿಮ್ಮೋ ತಮ್ಮಾ?"

ಅಜ್ಜಾರ, ಈಗ ಹೊಲದಲ್ಲಿ ದುಡಿಯುವವರು ಯಾರು, ವರ್ಷಕ್ಕೆ ಎಷ್ಟು ದಿನ? ಉಳುಮೆ ಟ್ರ್ಯಾಕ್ಟರಿನದು, ಒಕ್ಕಲು ಮಷೀನಿನದು. ಬೀಸುವ ಕಲ್ಲು ಅಟ್ಟ ಸೇರಿ ಎಷ್ಟೋ ವರ್ಷವಾಯಿತು. ಪಕ್ಕದ ಮನೆಗೆ ಹೋಗಲೂ ಬೈಕು. ಕಳೆ ತೆಗೆಯುವ ಹೆಣ್ಣುಮಕ್ಕಳು ದುಡಿಯುತ್ತಾರೆ ನಿಜ. ಆದರೆ ದಿನವಿಡೀ ಒಂದೇ ರೀತಿ ಬಗ್ಗಿ ದುಡಿದರೆ ಸೊಂಟ ಹಿಡಿಯುತ್ತದೆಯೇ ಹೊರತು ಮೈ ಸಡಿಲವಾಗುವುದಿಲ್ಲ. ಐ.ಸಿ.ಎಂ.ಆರ್. ನಡೆಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10 ಕೋಟಿ ಎಂದು ಅದು ಅಂದಾಜು ಮಾಡಿತು. ಅವರೆಲ್ಲ ಪೇಟೆಯವರೇ ಎಂದು ತಿಳಿಯಬೇಡಿ. ನಮ್ಮೂರ ಮೆಡಿಕಲ್ ಶಾಪಿನಲ್ಲಿ ಅರ್ಧ ತಾಸು ನಿಂತರೆ ಗೊತ್ತಾಗುತ್ತದೆ. ದೊಡ್ಡವರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಮಟ್ಟದ ವ್ಯಾಯಾಮ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ ಅರ್ಧ ತಾಸಿನಂತೆ ವಾರಕ್ಕೆ ಐದು ದಿನ.

ಅದನ್ನು ಮಾಡಿಸುವವರು ಯಾರು? ಪ್ರತಿ ವರ್ಷ ಜೂನ್ 21ಕ್ಕೆ ಯೋಗ ದಿನ ಎಂದು ತಾಲ್ಲೂಕು ಕ್ರೀಡಾಂಗಣದಲ್ಲಿ ಜನ ಸೇರುತ್ತಾರೆ. ಮೈಕಿನಲ್ಲಿ ಕನ್ನಡದಲ್ಲೇ ಹೇಳುತ್ತಾರೆ, ಎಲ್ಲರೂ ಮಾಡುತ್ತಾರೆ, ನಾವು ಫೋಟೊ ಕಳಿಸುತ್ತೇವೆ. ಜೂನ್ 22ಕ್ಕೆ ಅಲ್ಲಿ ಎಷ್ಟು ಜನ ಇದ್ದರು ಎಂದು ನಾವು ಒಂದು ಸಲವೂ ಬರೆದಿಲ್ಲ. ನಾವು ಓಡಾಡುವ ಊರುಗಳಲ್ಲಿ ಕಂಡ ಬಯಲು ಜಿಮ್‌ಗಳಲ್ಲಿ ಮಕ್ಕಳು ಜೋಕಾಲಿ ಆಡುತ್ತಾರೆ, ಇಲ್ಲವೇ ಬಟ್ಟೆ ಒಣಹಾಕಿರುತ್ತಾರೆ. ಕಬ್ಬಿಣ ತಂದು ನಿಲ್ಲಿಸಲು ದುಡ್ಡಿದೆ. ಹೇಗೆ ಮಾಡಬೇಕೆಂದು ಹೇಳಿಕೊಡುವ ಒಬ್ಬ ಮನುಷ್ಯನಿಗೆ ಕೊಡಲು ದುಡ್ಡಿಲ್ಲ.

ಬೆಂಗಳೂರಿನಿಂದ "ಕಮ್ಯುನಿಕೇಷನ್ ಇಲ್ಲ" ಎನಿಸಿಕೊಂಡು ಬಂದ ಹುಡುಗಿ ಈಗ ದಿನಾ ಬೆಳಿಗ್ಗೆ ಆರಕ್ಕೆ ಸಮುದಾಯ ಭವನ ತೆರೆಯುತ್ತಾಳೆ. ಅವಳು ಬಂದ ಮರುದಿನವೇ ಸಂಘದ ಹೆಣ್ಣುಮಕ್ಕಳು ಮನೆಗೆ ಹೋಗಿ ಎಬ್ಬಿಸಿಕೊಂಡು ಬಂದರು. "ನೀ ಪಾಸಾಗು ಬಿಡು, ನಮ್ಮ ಕ್ಲಾಸ್ ಯಾಕ ನಿಲ್ಲಿಸ್ತೀಯವ್ವಾ?" ಎಂದು ಕೇಳಿದರಂತೆ. ಹದಿನಾಲ್ಕು ಇದ್ದವರು ಈಗ ಇಪ್ಪತ್ತೆರಡು. ಯಾರೂ ಫೀಜು ಕೊಡುವುದಿಲ್ಲ, ಕೊಡುವಷ್ಟು ಇಲ್ಲ. ಹಾಗೆಂದು ಅವಳು ಬಿಟ್ಟಿ ದುಡಿಯುವುದನ್ನು ನಾವು ಹೊಗಳಿ ಬರೆದರೆ, ಮೂರು ದಿನ ಪುಕ್ಕಟೆ ಕ್ಲಾಸು ಮಾಡಿಸಿಕೊಂಡ ಜಿಮ್‌ಗೂ ನಮಗೂ ವ್ಯತ್ಯಾಸ ಉಳಿಯುವುದಿಲ್ಲ.

ಆದ್ದರಿಂದ ನಮ್ಮ ಪಂಚಾಯಿತಿಗೆ ಅರ್ಜಿ ಬರೆದಿದ್ದೇವೆ. ಸಮುದಾಯ ಭವನ ಬೆಳಿಗ್ಗೆ ಒಂದು ತಾಸು ಖಾಯಂ ಸಿಗಬೇಕು, ಬಾಡಿಗೆ ಬೇಡ. ಕಲಿಸುವವರಿಗೆ ತಿಂಗಳಿಗೆ ಗೌರವಧನ ಕೊಡಬೇಕು. ವರ್ಷಕ್ಕೊಮ್ಮೆ ಪ್ರಥಮ ಚಿಕಿತ್ಸೆಯ ತರಬೇತಿ ಕೊಡಿಸಬೇಕು. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಓದಿಸುತ್ತೇವೆ. ನಿಮ್ಮೂರಲ್ಲಿಯೂ ಕಬಡ್ಡಿ, ಖೋಖೋ ಆಡಿ ಮನೆಯಲ್ಲಿ ಕೂತ ಹುಡುಗಿ ಇದ್ದೇ ಇರುತ್ತಾಳೆ. ಅವಳ ಹೆಸರಿನಲ್ಲಿ ನೀವೂ ಒಂದು ಅರ್ಜಿ ಕೊಡಿ. ಸಹಿ ಹಾಕಲು ಬಂದವರ ಮುಂದೆ ಅವಳಿಂದ ಹತ್ತು ನಿಮಿಷ ಕ್ಲಾಸು ಮಾಡಿಸಿ, ಆಮೇಲೆ ಪೆನ್ನು ಕೊಡಿ.

ಬರುವ ತಿಂಗಳು ಅವಳು ಹುಬ್ಬಳ್ಳಿಗೆ ಇನ್ನೊಂದು ಆಡಿಷನ್‌ಗೆ ಹೋಗುತ್ತಿದ್ದಾಳೆ. ನಾಲ್ಕು ಪ್ರಶ್ನೆ ಕೇಳಿದ್ದಾಳೆ, ಉತ್ತರ ಬಂದಿದೆ. ಭಾಷೆ ಯಾವುದು ಎಂಬುದಕ್ಕೆ "ಕನ್ನಡ ನಡೀತೈತ್ರಿ" ಎಂದು ಬರೆದಿದ್ದಾರೆ. ಈ ಸಲ ನಾವು ಯಾವ ಭಾಷಣವನ್ನೂ ಬರೆದುಕೊಡುವುದಿಲ್ಲ.